ಚೀಟಿಯಲ್ಲಿ ಊರಿನ ಹೆಸರು ಎಲ್ಲಿ ಹೋಯ್ತು?

ನಮ್ಮ ಆಸ್ಪತ್ರೆಯ ವಾರ್ಷಿಕ ವರದಿ ಮೊನ್ನೆ ಅಚ್ಚಾಗಿ ಬಂತು. ನುಣುಪಾದ ಕಾಗದ, ಪುಟಪುಟಕ್ಕೂ ಬಣ್ಣದ ಫೋಟೋ. ಹೊಸ ಬ್ಲಾಕ್, ಸ್ಕ್ಯಾನಿಂಗ್ ಮೆಷಿನ್, ಲಿಫ್ಟ್ ಉದ್ಘಾಟನೆ, ಶಾಲು ಹೊದ್ದು ನಿಂತ ದಾನಿಗಳು. ಲೆಕ್ಕದ ಪುಟಗಳನ್ನು ನಾನೇ ನೋಡಿಕೊಟ್ಟಿದ್ದು, ಅಂಕಿ ಎಲ್ಲ ಸರಿ ಇವೆ. ಆದರೂ ಓದಿ ಮುಗಿಸಿದ ಮೇಲೆ ಏನೋ ಕೊರೆಯೋಕೆ ಶುರುವಾಯ್ತು. ಆಸ್ಪತ್ರೆ ಬೆಳೆದ ಕಥೆ ಅಂತ ಅದರಲ್ಲಿ ಇರುವುದೆಲ್ಲ ಕಾಂಪೌಂಡಿನ ಒಳಗಿನದು. ತಾಲ್ಲೂಕು ಆರೋಗ್ಯ ಇಲಾಖೆ ಜೊತೆ ಸೇರಿ ಇಷ್ಟು ವರ್ಷ ಮಾಡಿದ ಕೆಲಸದ ಬಗ್ಗೆ ಇರುವುದು ಒಂದೇ ಸಾಲು. ಅದೂ ಕೊನೇ ಪುಟದಲ್ಲಿ, "ಸಹಕರಿಸಿದ ಇಲಾಖೆಗಳಿಗೆ ಧನ್ಯವಾದಗಳು" ಅಂತ. ವರದಿ ಬರೆದವರನ್ನೇ ಕೇಳಿದೆ. "ಅದರದ್ದು ಎಂತ ಫೋಟೋ ಹಾಕೋದು ಮಾರಾಯ್ರೆ?" ಅಂದರು. ಮಾತು ಸರಿಯೇ. ವಾರಕ್ಕೊಂದು ಸಲ ಹೋಗುವ ಜ್ವರದ ಪಟ್ಟಿಗೆ ಫೋಟೋ ತೆಗೆಯೋಕೆ ಬರಲ್ಲ.

ಆದರೆ ನನ್ನ ಪ್ರಕಾರ ಕಥೆ ಇರುವುದೇ ಅಲ್ಲಿ. ಆಸ್ಪತ್ರೆ ದೊಡ್ಡದಾಗ್ತಾ ಆಗ್ತಾ ತನ್ನ ರೋಗಿಗಳ ಬಗ್ಗೆ ಮೊದಲು ಗೊತ್ತಿದ್ದ ಒಂದು ವಿಷಯವನ್ನು ಮರೆತುಬಿಟ್ಟಿತ್ತು. ಅದನ್ನು ಮತ್ತೆ ನೆನಪು ಮಾಡಿಕೊಟ್ಟಿದ್ದು ಹಳೇ ಬೈಕಿನಲ್ಲಿ ಬರುತ್ತಿದ್ದ ಒಬ್ಬ ಸರ್ಕಾರಿ ಹೆಲ್ತ್ ಇನ್‌ಸ್ಪೆಕ್ಟರ್. ಊರಿನ ಹೆಸರು, ಆಸ್ಪತ್ರೆಯ ಹೆಸರು ಎರಡೂ ಬೇಡ. ಸಾಗರ-ಹೊಸನಗರದ ಕಡೆ ಅಂದುಕೊಳ್ಳಿ, ಸಾಕು.

ಯಾವೂರು, ಯಾರ ಮನೆ

ಶುರುವಿನಲ್ಲಿ ಇದು ಒಬ್ಬರು ಬಿಟ್ಟುಕೊಟ್ಟ ಹಳೇ ಹಂಚಿನ ಮನೆ. ಜಗಲಿಯಲ್ಲಿ ಜನ ಕಾಯುತ್ತಿದ್ದರು, ನಡುಮನೆಯಲ್ಲಿ ಡಾಕ್ಟರು, ಹಿಂದಿನ ಕೋಣೆಯಲ್ಲಿ ನಾಲ್ಕು ಮಂಚ. ಸೊಸೈಟಿಯವರು, ತೋಟದವರು, ಪೇಟೆಯ ಅಂಗಡಿಯವರು ಸೇರಿ ಟ್ರಸ್ಟ್ ಮಾಡಿಕೊಂಡು ನಡೆಸಿದ್ದು. ಆಮೇಲೆ ಅದು ಬೆಳೆದ ಬಗೆಯನ್ನು ಬೇಕಾದರೆ ಅಡಿಕೆ ರೇಟಿನ ಪಕ್ಕ ಇಟ್ಟು ನೋಡಬಹುದು. ರಾಶಿ ಅಡಿಕೆಗೆ ಒಳ್ಳೆ ಧಾರಣೆ ಬಂದ ವರ್ಷ ಒಂದು ವಾರ್ಡ್ ಎದ್ದಿದೆ. ಕೊಳೆ ರೋಗ ಬಂದು ಎಳೆಗಾಯಿ ಎಲ್ಲ ಉದುರಿದ ವರ್ಷ ಸುಣ್ಣ ಬಳಿಸೋಕೂ ಕೈಯಲ್ಲಿ ದುಡ್ಡಿರಲಿಲ್ಲ. ತಮಾಷೆಗೆ ಹೇಳ್ತಿಲ್ಲ, ಹಳೇ ದೇಣಿಗೆ ರಶೀದಿ ಪುಸ್ತಕ ತೆಗೆದು ನೋಡಿದರೆ ಕಾಣುತ್ತೆ.

ನಾನು ಸೇರಿದ್ದು ಚೀಟಿ ಮಾಡಿಕೊಡುವ ಕೆಲಸಕ್ಕೆ. ಉದ್ದ ರಟ್ಟಿನ ರಿಜಿಸ್ಟರು. ಹೆಸರು, ವಯಸ್ಸು, ಊರು, ತೊಂದರೆ ಏನು ಅನ್ನೋದು. ಅದರಲ್ಲಿ ಊರಿನ ಕಾಲಂ ಎಲ್ಲಕ್ಕಿಂತ ಅಗಲವಾಗಿತ್ತು. ನಮ್ಮ ಕಡೆ ಊರು ಅನ್ನೋದು ಒಂದೇ ಹೆಸರಿನಲ್ಲಿ ಮುಗಿಯೋದಿಲ್ಲವಲ್ಲ. "ಯಾವೂರಾಯ್ತು?" ಅಂದರೆ ಮೊದಲು ಪಂಚಾಯಿತಿ ಊರಿನ ಹೆಸರು ಬರುತ್ತೆ. "ಅಲ್ಲಿ ಎಲ್ಲಿ?" ಅಂದರೆ ಮಜರೆ ಹೆಸರು, ಅಂದರೆ ಆ ಊರಿಗೆ ಸೇರಿದ ಸಣ್ಣ ಕೇರಿಯದ್ದು. "ಯಾರ ಮನೆ ಹತ್ರ?" ಅಂದರೆ ಆಗ ನಿಜವಾದ ವಿಳಾಸ ಹೊರಗೆ ಬರುತ್ತೆ, "ಹೊಳೆ ದಾಟಿ ಮೇಲೆ ಹತ್ತಿದ್ರೆ ಗುಡ್ಡದ ಬುಡದಲ್ಲಿ ನಮ್ದೊಂದೇ ಮನೆ" ಅಂತ. ಇದನ್ನೆಲ್ಲ ಬರೆಯಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಡಾಕ್ಟರು ಆ ಸೀಮೆಯವರೇ. ಚೀಟಿ ನೋಡಿ, "ಓ, ಆ ಬದಿಯಿಂದ ನಿನ್ನೆಯೂ ಒಬ್ಬರು ಬಂದಿದ್ರಲ್ಲ" ಅನ್ನುತ್ತಿದ್ದರು. ರೋಗಿಯ ನಾಡಿ ಹಿಡಿಯುವ ಮೊದಲೇ ಅವರಿಗೆ ಅರ್ಧ ವಿಷಯ ಗೊತ್ತಾಗಿರುತ್ತಿತ್ತು.

ಆಸ್ಪತ್ರೆ ಬೆಳೆಯಿತು. ಒಬ್ಬರೇ ಇದ್ದ ಡಾಕ್ಟರು ಹಲವರಾದರು, ಹೊರಗಿನಿಂದ ಬಂದ ತಜ್ಞರು ಸೇರಿದರು, ಬೇರೆ ಜಿಲ್ಲೆಯ ನರ್ಸ್ ಹುಡುಗಿಯರು ಬಂದರು. ಯಶಸ್ವಿನಿ, ಆಮೇಲೆ ಆಯುಷ್ಮಾನ್ ಕಾರ್ಡು, ಅದರ ಹಿಂದೆ ಕಂಪ್ಯೂಟರು. ಬೆಂಗಳೂರಿನ ಕಂಪನಿಯೊಂದರ ಸಾಫ್ಟ್‌ವೇರ್ ತಂದು ಹಾಕಿದರು. ಅದರಲ್ಲಿ ಮೊಬೈಲ್ ನಂಬರ್ ಇಲ್ಲದೆ ಚೀಟಿ ಮುಂದಕ್ಕೇ ಹೋಗಲ್ಲ. ಇಮೇಲ್ ಕೇಳುತ್ತೆ. ರಕ್ತಸಂಬಂಧಿಯ ಉದ್ಯೋಗ ಕೇಳುತ್ತೆ. ವಿಳಾಸಕ್ಕೆ ಮಾತ್ರ ತಾಲ್ಲೂಕು ಆರಿಸಿ, ಪಿನ್‌ಕೋಡ್ ಹಾಕಿ ಅಂತ ಎರಡೇ ಜಾಗ. ಪಟ್ಟಣದಲ್ಲಿ ಕೂತು ಮಾಡಿದವರಿಗೆ ಪಿನ್‌ಕೋಡ್ ಅಂದರೆ ವಿಳಾಸವೇ. ನಮ್ಮಲ್ಲಿ ಒಂದು ಪಿನ್‌ಕೋಡಿನೊಳಗೆ ಎರಡು ಗುಡ್ಡ, ಒಂದು ಹೊಳೆ, ಲೆಕ್ಕವಿಲ್ಲದಷ್ಟು ಮಜರೆ. ಯಾರಿಗೂ ಅದು ಸಮಸ್ಯೆ ಅನ್ನಿಸಲಿಲ್ಲ. ಕ್ಯೂ ಬೇಗ ಕರಗ್ತಿತ್ತು, ಬಿಲ್ ನೀಟಾಗಿ ಬರ್ತಿತ್ತು, ಆಡಿಟರು ಖುಷಿಯಾಗಿದ್ದರು.

ಜನವರಿಯ ಒಂದು ಸೋಮವಾರ

ಮಂಗನ ಕಾಯಿಲೆ ಬಗ್ಗೆ ನಮ್ಮ ಕಡೆಯವರಿಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ ಅದು. ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಈಗಲೂ ಆ ಕಾಡಿನ ಹೆಸರಿನಲ್ಲೇ ಇದೆ. ಬೇರೆ ಊರಿನವರು ದೇವಸ್ಥಾನಕ್ಕೋ ಜಲಪಾತಕ್ಕೋ ಹೆಸರಾದರೆ ನಾವು ಇದಕ್ಕೆ. ಮಳೆ ನಿಂತ ಮೇಲೆ, ಇದನ್ನು ಹರಡುವ ಉಣುಗಿನ (ಉಣ್ಣೆ ಹುಳದ) ಮರಿಗಳು ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ ಏಳುತ್ತವೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ದರಗು ಗುಡಿಸೋದು, ಸೊಪ್ಪು ತರೋದು, ಸೌದೆ, ಅಡಿಕೆ ಕೊಯ್ಲು, ಎಲ್ಲ ಕೆಲಸವೂ ಅದೇ ತಿಂಗಳುಗಳಲ್ಲಿ ಬರುತ್ತೆ. ಕಾಡಿಗೆ ಹೋಗಬೇಡಿ ಅಂತ ಕರಪತ್ರ ಹಂಚುವವರಿಗೆ ಕೊಟ್ಟಿಗೆಗೆ ಸೊಪ್ಪು ಎಲ್ಲಿಂದ ಬರಬೇಕು ಅನ್ನೋದು ಗೊತ್ತಿರಲ್ಲ.

2018-19ರ ಆ ಬೇಸಿಗೆ ಯಾರಿಗೂ ಮರೆತಿಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಒಂದರ ಹಿಂದೆ ಒಂದು ಸಾವು. ಮಣಿಪಾಲಕ್ಕೆ ಆಂಬುಲೆನ್ಸ್ ಮೇಲೆ ಆಂಬುಲೆನ್ಸ್. ನಾನು ಹೇಳುತ್ತಿರುವ ಸೋಮವಾರ ಅದಾದ ಮೇಲಿನದು, ಎಲ್ಲರಿಗೂ ಇನ್ನೂ ಹೆದರಿಕೆ ಹಸಿಯಾಗಿದ್ದ ಕಾಲದ್ದು. ಹೆಲ್ತ್ ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ಬಂದರು. ಹೆಲ್ಮೆಟ್ಟನ್ನು ಕೌಂಟರ್ ಮೇಲೆ ಇಟ್ಟು, ಡೈರಿ ತೆಗೆದು, "ಮೇಡಂ, ಹೋದ ವಾರದ ಜ್ವರದ ಕೇಸು ಕೊಡಿ" ಅಂದರು. ಜ್ವರ, ಭೇದಿ, ಕಾಮಾಲೆ ಅಂತ ವಾರದ ಪಟ್ಟಿ ಪ್ರತಿ ಸೋಮವಾರ ಮೇಲಕ್ಕೆ ಹೋಗಬೇಕು ಅನ್ನೋದು 2004ರಲ್ಲಿ ಶುರುವಾದ ವ್ಯವಸ್ಥೆ. ಮೊದಲು ಫಾರಂ ತುಂಬುತ್ತಿದ್ದರು, ಆಮೇಲೆ ಆನ್‌ಲೈನ್ ಪೋರ್ಟಲ್ ಬಂತು. ನಾವು ಅದುವರೆಗೆ ಒಟ್ಟು ಎಷ್ಟು ಅಂತ ಒಂದು ಅಂಕಿ ಬರೆದು ಕೊಡ್ತಿದ್ದೆವು. ಅವರಿಗೂ ಅಷ್ಟು ಸಾಕಾಗುತ್ತಿತ್ತು.

ಅವತ್ತು ಸಾಕಾಗಲಿಲ್ಲ. ಹಿಂದಿನ ದಿನ ಯಾವುದೋ ತೋಟದ ತಲೆಕಟ್ಟಿನಲ್ಲಿ ಮಂಗ ಸತ್ತು ಬಿದ್ದಿದೆ ಅಂತ ಅವರಿಗೆ ಫೋನ್ ಬಂದಿತ್ತು. ಆ ಬದಿಯಿಂದ ಜ್ವರದವರು ಯಾರಾದರೂ ನಿಮ್ಮಲ್ಲಿಗೆ ಬಂದಿದ್ದಾರಾ ಅನ್ನೋದು ಅವರ ಪ್ರಶ್ನೆ. ನಾನು ಪ್ರಿಂಟ್ ತೆಗೆದುಕೊಟ್ಟೆ. ಸಾಲಾಗಿ ಹೆಸರು, ವಯಸ್ಸು, ಆಮೇಲೆ ತಾಲ್ಲೂಕು, ಪಿನ್‌ಕೋಡ್. ಮೇಲಿನಿಂದ ಕೆಳಗಿನವರೆಗೂ ಅದೇ ತಾಲ್ಲೂಕು, ಅದೇ ಎರಡು ಪಿನ್‌ಕೋಡ್. ಅವರು ಕನ್ನಡಕ ಹಣೆ ಮೇಲೆ ಏರಿಸಿಕೊಂಡು ಆ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. "ಮಾರಾಯ್ರೆ, ಇದರಲ್ಲಿ ನಾನು ಎಲ್ಲಿಗೆ ಹೋಗಲಿ?" ಅಂದರು. ಕೋಪ ಇರಲಿಲ್ಲ. ನಿಜವಾಗಲೂ ಕೇಳಿದ್ದು.

ಮೊಬೈಲ್ ನಂಬರ್ ಇತ್ತಲ್ಲ, ಫೋನ್ ಹಚ್ಚಿದೆವು. ಮಲೆನಾಡಿನಲ್ಲಿ ಮನೆಯಲ್ಲಿ ಕೂತವರಿಗೆ ಫೋನ್ ಹತ್ತಬೇಕು ಅಂದರೆ ಅವರು ಗುಡ್ಡದ ನೆತ್ತಿಯಲ್ಲಿರಬೇಕು. ಅರ್ಧಕ್ಕರ್ಧ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ". ಒಂದು ನಂಬರ್ ಬೆಂಗಳೂರಿನಲ್ಲಿರುವ ಮಗನದ್ದು, ಅಪ್ಪನಿಗೆ ಜ್ವರ ಬಂದಿದ್ದೇ ಅವನಿಗೆ ಗೊತ್ತಿಲ್ಲ, ಗಾಬರಿಯಾದ. ಇನ್ನೊಂದು ಕರೆದುಕೊಂಡು ಬಂದ ಆಟೋದವನದ್ದು. ಕೊನೆಗೆ ಇನ್‌ಸ್ಪೆಕ್ಟರ್ ಒಬ್ಬ ಆಶಾ ಅಕ್ಕನಿಗೆ ಫೋನ್ ಮಾಡಿ ಪಟ್ಟಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದರು. ಸ್ಪೀಕರ್ ಹಾಕಿದ್ದರು. ಆಚೆಯಿಂದ ಅವರು ಕೋಳಿ ಓಡಿಸುತ್ತಾ ಉತ್ತರ ಕೊಡ್ತಿದ್ದರು. "ಅದು ಮೇಲಿನಕೇರಿಯದ್ದು. ಅದು ನಮ್ಮಲ್ಲ, ಪಕ್ಕದ ಸೆಂಟರಿಂದು. ಇದು, ನಿಲ್ಲಿ ಸಾರ್, ವಯಸ್ಸೆಷ್ಟು ಅಂದ್ರಿ? ಹಂಗಾದ್ರೆ ಅತ್ತೆ ಅಲ್ಲ, ಸೊಸೆ. ಅವ್ರ ಮನೆ ಹಿಂದೇನೇ ಮಂಗ ಬಿದ್ದಿದ್ದು." ನಮ್ಮ ಅಷ್ಟು ದೊಡ್ಡ ಕಂಪ್ಯೂಟರ್ ವ್ಯವಸ್ಥೆಗೆ ಗೊತ್ತಿಲ್ಲದ್ದು ಆ ಹೆಂಗಸಿಗೆ ಕೋಳಿ ಓಡಿಸ್ತಾ ಗೊತ್ತಿತ್ತು. ಆ ಸೊಸೆ ನಮ್ಮಲ್ಲಿಂದ ಜ್ವರದ ಮಾತ್ರೆ ತಗೊಂಡು ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಇಲಾಖೆ ಜೀಪು ಅವರ ಮನೆಗೆ ಹೋಯ್ತು, ರಕ್ತದ ಸ್ಯಾಂಪಲ್ ಶಿವಮೊಗ್ಗದ ವಿಡಿಎಲ್‌ಗೆ, ಅಂದರೆ ವೈರಸ್ ಪತ್ತೆ ಮಾಡುವ ಸರ್ಕಾರಿ ಲ್ಯಾಬಿಗೆ ಹೋಯ್ತು. ಪಾಸಿಟಿವ್ ಬಂತು. ಬೇಗ ಸಿಕ್ಕಿದ್ದರಿಂದ ಸುಧಾರಿಸಿಕೊಂಡರು. ಈಗಲೂ ಪೇಟೆಯಲ್ಲಿ ಸಿಗ್ತಾರೆ, ಮಾತಾಡಿಸ್ತಾರೆ.

ಯಾಕೆ ಇಷ್ಟು ಅವಸರ ಅಂದರೆ, ಈ ಕಾಯಿಲೆಗೆ ಅಂತ ಔಷಧಿ ಇಲ್ಲ. ಮೈಯಲ್ಲಿ ನೀರಿನ ಅಂಶ ಕಡಿಮೆಯಾಗದಂತೆ ನೋಡಿಕೊಳ್ಳೋದು, ಪ್ಲೇಟ್ಲೆಟ್ ನೋಡ್ತಾ ಇರೋದು, ರಕ್ತಸ್ರಾವ ಶುರುವಾದರೆ ಬೇಗ ದೊಡ್ಡ ಕಡೆಗೆ ಕಳಿಸೋದು, ಇಷ್ಟೇ. ಶುರುವಿನ ದಿನಗಳಲ್ಲಿ ರಕ್ತ ತೆಗೆದರೆ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ಸೇ ಸಿಗುತ್ತೆ. ತಡವಾದರೆ ಬೇರೆ ಪರೀಕ್ಷೆ. ಕೆಲವರಿಗೆ ಜ್ವರ ಬಿಟ್ಟು, ಹುಷಾರಾದೆ ಅಂತ ತೋಟಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ಎರಡನೇ ಸಲ ಜ್ವರ ಬಂದು ತಲೆಗೆ ಏರುತ್ತೆ. ಲಸಿಕೆ ಒಂದಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು. ಚುಚ್ಚಿದ ಕಡೆ ಉರಿ ಅಂತ ಜನ ಎರಡನೇದಕ್ಕೆ ಬರೋದೇ ಕಮ್ಮಿ. ಸಾಕಷ್ಟು ರಕ್ಷಣೆ ಕೊಡ್ತಿಲ್ಲ ಅಂತ 2022ರಲ್ಲಿ ಅದನ್ನೂ ನಿಲ್ಲಿಸಿದರು. ಹೊಸದರ ಕೆಲಸ ನಡೀತಾ ಇದೆ. ಅಲ್ಲಿಯವರೆಗೆ ಕೈಯಲ್ಲಿ ಇರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಎಣ್ಣೆ, ಮತ್ತೆ ಯಾವ ಮಜರೆಯಲ್ಲಿ ಯಾರಿಗೆ ಜ್ವರ ಅನ್ನೋ ಸುದ್ದಿ. ಎಣ್ಣೆ ಇಲಾಖೆ ಕೊಡುತ್ತೆ. ಸುದ್ದಿ ಬರೋದು ಎಲ್ಲಿಂದ? ಜನ ಜ್ವರ ಬಂದಾಗ ಮೊದಲು ಎಲ್ಲಿಗೆ ಹೋಗ್ತಾರೋ ಅಲ್ಲಿಂದ. ನಮ್ಮ ಕಡೆ ಅದು ಬಹಳ ಸಲ ಸರ್ಕಾರಿ ಆಸ್ಪತ್ರೆ ಅಲ್ಲ, ನಮ್ಮಂಥವರ ಆಸ್ಪತ್ರೆ.

ಡಾಕ್ಟರ್ ಹೊಳೆಬದಿ ಯಾರು?

ಆ ಸೋಮವಾರದ ನಂತರ ಡಾಕ್ಟರು ಕಮಿಟಿಯವರನ್ನು ಕೂರಿಸಿಕೊಂಡು ಮಾತಾಡಿದರು. ಸಾಫ್ಟ್‌ವೇರ್‌ನಲ್ಲಿ ಮಜರೆಗೆ ಒಂದು ಕಾಲಂ ಬೇಕು ಅಂತ ಕಂಪನಿಗೆ ಬರೆದೆವು. ಅದಕ್ಕೆ ಬೇರೆ ಚಾರ್ಜ್ ಆಗುತ್ತೆ ಅಂದರು, ಅದೂ ಮುಂದಿನ ವರ್ಷದ ವರ್ಷನ್‌ನಲ್ಲಿ ಅಂತೆ. ಉಣುಗು ಮುಂದಿನ ವರ್ಷನ್‌ಗೆ ಕಾಯಲ್ಲವಲ್ಲ. ಮೊದಲು ಇಮೇಲ್ ಕಾಲಂನಲ್ಲಿ ಮಜರೆ ಹೆಸರು ತುಂಬೋಕೆ ನೋಡಿದೆವು. ಅದು @ ಗುರುತು ಇಲ್ಲದೆ ಒಪ್ಪಲಿಲ್ಲ. ಕೊನೆಗೆ ಕೌಂಟರಿನ ಹುಡುಗಿಯೊಬ್ಬಳು ದಾರಿ ಹುಡುಕಿದಳು. "ರೆಫರ್ ಮಾಡಿದ ಡಾಕ್ಟರ್" ಅಂತ ಒಂದು ಕಾಲಂ ಇತ್ತು, ಅದು ಏನು ಬರೆದರೂ ತಗೊಳ್ಳುತ್ತಿತ್ತು. ಅವತ್ತಿನಿಂದ ನಮ್ಮ ರೋಗಿಗಳನ್ನೆಲ್ಲ ಡಾಕ್ಟರ್ ಮೇಲಿನಕೇರಿ, ಡಾಕ್ಟರ್ ಹೊಳೆಬದಿ, ಡಾಕ್ಟರ್ ಗುಡ್ಡೆಕೊಪ್ಪ ಕಳಿಸಿಕೊಡೋಕೆ ಶುರು ಮಾಡಿದರು. ವಿಮೆಯವರೊಬ್ಬರು ಫೋನ್ ಮಾಡಿ, ಡಾಕ್ಟರ್ ಹೊಳೆಬದಿಯವರ ನೋಂದಣಿ ಸಂಖ್ಯೆ ಕೊಡಿ ಅಂತ ಕೇಳಿದ್ದರು. ಈ ಕಾಲಂ ಈಗ ಸರಿಯಾಗಿದೆ. ಆದರೆ ನಮ್ಮಲ್ಲಿ ಜ್ವರದ ಕೇಸುಗಳಿಗೆ ಈಗಲೂ ಹುಡುಗಿಯರು "ಯಾವ ಡಾಕ್ಟ್ರು?" ಅಂತಲೇ ಕೇಳಿಕೊಳ್ಳೋದು.

ಹೇಳೋಕೆ ಸುಲಭ, ಕಮಿಟಿಯಲ್ಲಿ ಇದು ಸಲೀಸಾಗಿ ಪಾಸಾಗಲಿಲ್ಲ. ಒಬ್ಬ ಹಿರಿಯರು, ಆಸ್ಪತ್ರೆಗೆ ಜಾಗ ಕೊಟ್ಟ ಮನೆತನದವರೇ, ನೇರ ಕೇಳಿದರು. "ಮಂಗನ ಕಾಯಿಲೆ ಆಸ್ಪತ್ರೆ ಅಂತ ಹೆಸರು ಬಂದ್ರೆ ಹೆರಿಗೆಗೆ ಯಾರು ಬರ್ತಾರೆ?" ನಗುವ ಮಾತಲ್ಲ ಅದು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ ಅಂತ ಎಷ್ಟು ಸಲ ಹೇಳಿದರೂ, ಆ ಬೇಸಿಗೆಯಲ್ಲಿ ಅರಳಗೋಡಿನ ಕಡೆಯವರು ಅಂದರೆ ಪಕ್ಕದಲ್ಲಿ ಕೂರೋಕೆ ಹಿಂಜರಿದವರನ್ನು ನಾನೇ ನೋಡಿದ್ದೀನಿ. ಇನ್ನೊಬ್ಬರ ಆತಂಕ ಬೇರೆ. ಸರ್ಕಾರಿಯವರಿಗೆ ಒಂದು ಪಟ್ಟಿ ಕೊಟ್ಟರೆ ನಾಳೆ ಇನ್ನೊಂದು ಕೇಳ್ತಾರೆ, ನಾಡಿದ್ದು ನೋಟಿಸ್ ಕೊಡ್ತಾರೆ ಅಂತ. ಖಾಸಗಿಯವರು, ಟ್ರಸ್ಟಿನವರು ಇಲಾಖೆಗೆ ಲೆಕ್ಕ ಕೊಡೋಕೆ ಹಿಂದೇಟು ಹಾಕೋದು ಇದೇ ಕಾರಣಕ್ಕೆ. ಕ್ಷಯದ ಕೇಸುಗಳನ್ನು ಖಾಸಗಿಯವರೂ ತಿಳಿಸಲೇಬೇಕು ಅಂತ 2012ರಲ್ಲೇ ಆದೇಶ ಬಂದರೂ, ತಿಳಿಸೋದು ಅಭ್ಯಾಸವಾಗೋಕೆ ಎಷ್ಟು ವರ್ಷ ಹಿಡಿಯಿತು ಅಂತ ಈ ಕ್ಷೇತ್ರದವರಿಗೆ ಗೊತ್ತು.

ಡಾಕ್ಟರು ಹೇಳಿದ್ದು ಇಷ್ಟೇ. "ಜ್ವರದವರು ಹೆಂಗೂ ನಮ್ಮಲ್ಲಿಗೇ ಬರ್ತಾರೆ. ಗೊತ್ತಿದ್ದು ನೋಡೋಣವೋ, ಗೊತ್ತಿಲ್ಲದೆ ನೋಡೋಣವೋ?"

ಕೊಟ್ಟಿದ್ದಕ್ಕಿಂತ ನಮಗೆ ಸಿಕ್ಕಿದ್ದು ಜಾಸ್ತಿ ಅಂತ ಈಗ ಅನ್ನಿಸುತ್ತೆ. ಇಲಾಖೆಯವರು ಬಂದು ನಮ್ಮ ಲ್ಯಾಬಿನ ಹುಡುಗರಿಗೆ ಸ್ಯಾಂಪಲ್ ಹೇಗೆ ತೆಗೆಯಬೇಕು, ಐಸ್‌ಪ್ಯಾಕ್ ಇಟ್ಟು ಹೇಗೆ ಕಟ್ಟಬೇಕು ಅಂತ ತೋರಿಸಿಕೊಟ್ಟರು. ಸೀಸನ್‌ನಲ್ಲಿ ಮೈಕೈ ನೋವು ಅಂತ ಬಂದವರಿಗೆಲ್ಲ ನೋವಿನ ಇಂಜೆಕ್ಷನ್ ಕೊಡೋದನ್ನು ಡಾಕ್ಟರು ನಿಲ್ಲಿಸಿದರು. ಪ್ಲೇಟ್ಲೆಟ್ ಇಳಿದಿರುವಾಗ ಆ ಇಂಜೆಕ್ಷನ್ ರಕ್ತಸ್ರಾವಕ್ಕೆ ದಾರಿ. ಜನಕ್ಕೆ ಇದು ಹಿಡಿಸಲಿಲ್ಲ. ಸೂಜಿ ಹಾಕದ ಡಾಕ್ಟರು ಎಂಥಾ ಡಾಕ್ಟರು ಅಂತ ಪಕ್ಕದ ಕ್ಲಿನಿಕ್ಕಿಗೆ ಹೋಗಿ ಹಾಕಿಸಿಕೊಂಡವರೂ ಇದ್ದಾರೆ. ಆಶಾ ಅಕ್ಕಂದಿರು ಮನೆಮನೆಯಲ್ಲಿ ಹೇಳಿದ ಮೇಲೆ ಸ್ವಲ್ಪ ಕಮ್ಮಿಯಾಯ್ತು. ಅದು ನಾವು ಬೋರ್ಡ್ ಬರೆಸಿ ಹಾಕಿದ್ದರಿಂದ ಖಂಡಿತ ಆಗ್ತಿರಲಿಲ್ಲ.

ಎಣ್ಣೆ ಬಾಟಲಿ

ಇನ್ನೊಂದು ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಡಿಸೆಂಬರ್ ಶುರುವಿನಲ್ಲಿ ಆಸ್ಪತ್ರೆಯ ಊಟದ ಹಾಲ್‌ನಲ್ಲೇ ಒಂದು ಸಭೆ. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಡಾಕ್ಟರು, ಸಿಸ್ಟರ್‌ಗಳು (ಈಗ ಅವರನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅನ್ನಬೇಕಂತೆ, ಹಳ್ಳಿಯಲ್ಲಿ ಯಾರೂ ಅನ್ನಲ್ಲ), ಆಶಾ ಕಾರ್ಯಕರ್ತೆಯರು, ಫಾರೆಸ್ಟ್ ಗಾರ್ಡ್, ಪಂಚಾಯಿತಿ ಪಿಡಿಓ, ಪಶು ಆಸ್ಪತ್ರೆಯವರು. ಮೇಜಿನ ಮೇಲೆ ಡೇಪಾ ಎಣ್ಣೆಯ ಬಾಟಲಿಗಳು ಸಾಲಾಗಿ ಇದ್ದವು. ಮೊದಲು ಡಿಎಂಪಿ ಎಣ್ಣೆ ಅಂತ ಕೊಡ್ತಿದ್ದರು, ಆಮೇಲೆ ಇದು ಬಂತು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ತೊಳೀರಿ ಅಂತ ಮೇಲಿನವರು ಪಟಪಟ ಹೇಳಿದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಆಶಾ ಅಕ್ಕ ಎದ್ದು ನಿಂತರು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ. "ಸಾರ್, ಎಣ್ಣೆ ಎಲ್ರ ಮನೇಲೂ ಐತೆ. ದೇವರ ಗೂಡಿನ ಪಕ್ಕ ಇಟ್ಕಂಡಾರೆ. ಹಚ್ಕಳಲ್ಲ. ಯಾಕಂದ್ರೆ ಬೆಳಗಿನ ಜಾವ ಹಾಲು ಕರ್ದು, ತಿಂಡಿ ಮಾಡಿಟ್ಟು, ಹುಡುಗ್ರನ್ನ ಬಸ್ಸಿಗೆ ಬಿಟ್ಟು, ಅಲ್ಲಿಂದ ಹಂಗೇ ದರಗಿಗೆ ಹೋಗದು. ಮನೆಗೆ ಬಂದು ಎಣ್ಣೆ ಹಚ್ಕಂಡು ಹೋಗೋ ಹೆಣ್ಣಾಳು ಯಾರೂ ಇಲ್ಲ." ಹಾಲ್ ನಕ್ಕಿತು. ಅವರು ನಗಲಿಲ್ಲ. "ಸಣ್ಣ ಬಾಟಲಿ ಕೊಡಿ. ಕತ್ತಿ ಜೊತೆ ಇಟ್ಕಳೋ ಹಂಗೆ."

ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ತುಂಬಿಕೊಡೋಕೆ ಇಲಾಖೆಯಲ್ಲಿ ಅವಕಾಶ ಇಲ್ಲ ಅಂತ ಶುರುವಿನಲ್ಲೇ ಅಂದರು. ನಮ್ಮ ಫಾರ್ಮಸಿಯ ಹಿರಿಯ ಕೆಲಸಗಾರರು, ಸಿರಪ್ ಅಳೆಯೋಕೆ ತರಿಸಿದ್ದ ಖಾಲಿ ಬಾಟಲಿ ಒಂದು ಪೆಟ್ಟಿಗೆ ಇದೆ, ಅದನ್ನು ಕೊಡೋಣ, ಮನೆಯವರೇ ತುಂಬಿಕೊಳ್ಳಲಿ ಅಂದರು. ಹಾಗೇ ಆಯ್ತು. ಇಲಾಖೆ ಎಣ್ಣೆ ಕೊಟ್ಟಿತು, ನಾವು ಖಾಲಿ ಬಾಟಲಿ ಕೊಟ್ಟೆವು, ಆಶಾ ಅಕ್ಕಂದಿರು ಮೇಲೆ ಚೀಟಿ ಅಂಟಿಸಿ ಹಂಚಿದರು. ಅದರಿಂದ ಎಷ್ಟು ಜನ ಉಳಿದರು ಅಂತ ಲೆಕ್ಕ ಹಾಕೋಕೆ ಬರಲ್ಲ. ಸೊಂಟದ ಕತ್ತಿಕೊಕ್ಕೆಗೆ ಬಾಟಲಿ ಕಟ್ಟಿಕೊಂಡು ಹೋಗುವವರನ್ನು ಆ ಸೀಸನ್‌ನಲ್ಲಿ ನೋಡಿದೆ. ಸಹಭಾಗಿತ್ವ ಅಂತ ಭಾಷಣದಲ್ಲಿ ಕೇಳಿದಾಗಲೆಲ್ಲ ನನಗೆ ಆ ಖಾಲಿ ಬಾಟಲಿಯ ಪೆಟ್ಟಿಗೆಯೇ ನೆನಪಾಗೋದು.

ವರ್ಗಾವಣೆ ಅನ್ನೋದೊಂದು ಕಾಯಿಲೆ

ಎಲ್ಲ ಚೆನ್ನಾಗಿದೆ ಅಂತ ಬರೆದರೆ ಸುಳ್ಳಾಗುತ್ತೆ. ಈ ಕೆಲಸ ನಿಂತಿರುವುದು ಪರಿಚಯದ ಮೇಲೆ. ಆ ಹೆಲ್ತ್ ಇನ್‌ಸ್ಪೆಕ್ಟರ್‌ಗೆ ವರ್ಗವಾಯ್ತು. ಬಂದವರಿಗೆ ನಮ್ಮ ಪಟ್ಟಿ ಯಾಕೆ ಬೇಕು ಅನ್ನೋದೇ ಗೊತ್ತಿರಲಿಲ್ಲ. ಪೋರ್ಟಲ್‌ನಲ್ಲಿ ನೀವೇ ಹಾಕಿ ಅಂದರು. ಪೋರ್ಟಲ್‌ಗೆ ಹಾಕಿದೆವು. ಪೋರ್ಟಲ್ ವಾಪಸ್ ಫೋನ್ ಮಾಡಿ "ಅದು ಅತ್ತೆ ಅಲ್ಲ, ಸೊಸೆ" ಅನ್ನಲ್ಲ. ಮತ್ತೆ ಮೊದಲಿನಿಂದ ಚಹಾ, ಮಾತು, ಪರಿಚಯ. ಅವರು ಒಂದು ಹದಕ್ಕೆ ಬರೋ ಹೊತ್ತಿಗೆ ತಾಲ್ಲೂಕು ಆರೋಗ್ಯಾಧಿಕಾರಿ (ಟಿಎಚ್‌ಓ) ಬದಲಾದರು. ನಮ್ಮಲ್ಲೂ ಅದೇ ಕಥೆ, ನರ್ಸ್ ಹುಡುಗಿಯರು ವರ್ಷ ತುಂಬೋದರೊಳಗೆ ಮಂಗಳೂರಿಗೋ ಬೆಂಗಳೂರಿಗೋ ಹೋಗ್ತಾರೆ. ಎರಡೂ ಕಡೆ ಉಳಿಯೋದು ಆಶಾ ಅಕ್ಕ ಒಬ್ಬರೇ. ಅವರಿಗೆ ಕೊಡೋದು ಸಂಬಳವೂ ಅಲ್ಲ, ಗೌರವಧನ.

ಸರ್ಕಾರದ ಲೆಕ್ಕದಲ್ಲಿ ಗುಡ್ಡಗಾಡು ಅಂದರೆ ಮೂರು ಸಾವಿರ ಜನಕ್ಕೆ ಒಂದು ಉಪಕೇಂದ್ರ, 20 ಸಾವಿರಕ್ಕೆ ಒಂದು ಪಿಎಚ್‌ಸಿ, 80 ಸಾವಿರಕ್ಕೆ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ. ಬಯಲುಸೀಮೆಗಿಂತ ಕಮ್ಮಿ ಜನಕ್ಕೇ ಒಂದೊಂದು ಕೊಟ್ಟಿದ್ದಾರೆ, ಒಪ್ಪಬೇಕು. ಆದರೆ ಜನದ ಲೆಕ್ಕದಲ್ಲಿ ಹೊಳೆ, ಗುಡ್ಡ ಬರಲ್ಲ. ಶರಾವತಿ ಹಿನ್ನೀರಿನ ಆಚೆ ಇರುವ ತುಮರಿ ಕಡೆಯವರನ್ನು ಕೇಳಿ. ಮೊದಲು ರಾತ್ರಿ ಲಾಂಚ್ (ಹಿನ್ನೀರು ದಾಟಿಸುವ ದೋಣಿ) ಇರುತ್ತಿರಲಿಲ್ಲ, ಹೊಟ್ಟೆನೋವು ಬಂದರೆ ಬೆಳಗಾಗೋವರೆಗೆ ಕಾಯಬೇಕಿತ್ತು, ಇಲ್ಲಾ ಸುತ್ತು ಹಾಕಿ ಬರಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯ್ತಲ್ಲ, ಅದನ್ನು ಎಲ್ಲರೂ ಪ್ರವಾಸದ ಸುದ್ದಿಯಾಗಿ ನೋಡಿದರು. ನನ್ನ ಲೆಕ್ಕದಲ್ಲಿ ಆ ಭಾಗಕ್ಕೆ ಸಿಕ್ಕ ಅತಿ ದೊಡ್ಡ ಆರೋಗ್ಯ ಯೋಜನೆ ಅದು.

ಇನ್ನು ರೆಫರಲ್ ಪತ್ರದ ರಗಳೆ. ಆಯುಷ್ಮಾನ್ ಕಾರ್ಡಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಪತ್ರ ಬೇಕು. ತುರ್ತು ಯಾವುದು ಅಂತ ತೀರ್ಮಾನ ಮಾಡೋ ಹೊತ್ತಲ್ಲಿ ರೋಗಿಯನ್ನು ಕೂರಿಸಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆದಿದ್ದಾರೆ ಜನ. ಈಗ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ನಮ್ಮವರು ಮುಂಚೆಯೇ ಫೋನ್ ಮಾಡ್ತಾರೆ, ಪತ್ರ ರೆಡಿ ಇರುತ್ತೆ, ಆಂಬುಲೆನ್ಸ್ ಗೇಟಿನಲ್ಲಿ ನಿಂತು ತಗೊಂಡು ಮುಂದಕ್ಕೆ ಹೋಗುತ್ತೆ. ಇದೂ ಪರಿಚಯದ ಮೇಲೆ ನಡೆಯೋದೇ. ಎಲ್ಲೂ ಬರೆದಿಲ್ಲ. ಬರೆಸಿ ಸಹಿ ಹಾಕಿಸಿಕೊಳ್ಳಿ ಅಂತ ನಾನು ಕಮಿಟಿಯಲ್ಲಿ ಪ್ರತಿ ಸಲ ಹೇಳ್ತೀನಿ. "ನಡೀತಾ ಇದೆಯಲ್ಲ, ಸುಮ್ನೆ ಕಾಗದ ಯಾಕೆ?" ಅಂತಾರೆ. ನಡೆಯದೇ ಇರುವ ದಿನ ಕಾಗದ ಮಾಡಿಸೋಕೆ ಆಗುತ್ತಾ?

ಮಂಗನ ಕಾಯಿಲೆ ಆಚೆಗೂ

ಮಜರೆ ಕಾಲಂ ಬಂದ ಮೇಲೆ ಅದು ಬೇರೆ ಕಡೆಯೂ ಉಪಯೋಗಕ್ಕೆ ಬಂತು. ಗದ್ದೆ ಕೆಲಸದ ಹೊತ್ತಲ್ಲಿ ಒಂದೇ ಬಯಲಿನ ಇಬ್ಬರು ಮೂವರು ಕಣ್ಣು ಕೆಂಪಾಗಿ ಜ್ವರ ಅಂತ ಬಂದರೆ ಇಲಿ ಜ್ವರ ಇರಬಹುದು ಅನ್ನೋ ಅನುಮಾನ ಬೇಗ ಬರುತ್ತೆ. ಪೇಟೆಯ ಒಂದೇ ಬೀದಿಯಿಂದ ಬಂದರೆ ಡೆಂಗೆ ಅಂತ ಪುರಸಭೆಗೆ ಫೋನ್ ಹೋಗುತ್ತೆ.

ಹಾವು ಕಡಿತವನ್ನೂ 2024ರ ಫೆಬ್ರವರಿಯಿಂದ ಕಡ್ಡಾಯವಾಗಿ ತಿಳಿಸಬೇಕು ಅಂತ ರಾಜ್ಯ ಸರ್ಕಾರ ಮಾಡಿದೆ. ಮಲೆನಾಡಿಗೆ ಇದು ಬಹಳ ಮುಖ್ಯ. ನಮಗೆ ಸಿಗುವ ಆಂಟಿವೆನಂ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ಮಾಡಿದ್ದು. ತೋಟದ ದರಗಿನಲ್ಲಿ ಮೂಗಿನ ತುದಿ ಮೇಲಕ್ಕೆತ್ತಿಕೊಂಡು ಮಲಗಿರುವ ಸಣ್ಣ ಗುಳಿಮಂಡಲಕ್ಕೆ ಅದು ಕೆಲಸ ಮಾಡಲ್ಲ. ಯಾವ ಕಾಡಂಚಿನಲ್ಲಿ ಯಾವ ಹಾವು ಎಷ್ಟು ಕಡಿಯುತ್ತೆ ಅಂತ ಗೊತ್ತಾದರೆ ತಾನೇ ಮುಂದೆ ಯಾರಾದರೂ ಅದಕ್ಕೊಂದು ಔಷಧಿ ಮಾಡೋದು. ಆ ಲೆಕ್ಕ ಶುರುವಾಗೋದು ನಮ್ಮಂಥ ಕೌಂಟರುಗಳಲ್ಲಿ. "ಎಲ್ಲಿ ಕಡೀತು?" ಅಂದರೆ ಜನ ಕಾಲು ತೋರಿಸ್ತಾರೆ. ಜಾಗ ಯಾವುದು ಅಂತ ಇನ್ನೊಂದು ಸಲ ಕೇಳಬೇಕು.

ಈಗ ನನ್ನ ತಕರಾರು ಇರೋದು ಒಂದೇ. ಸುದ್ದಿ ನಮ್ಮಿಂದ ಹೋಗುತ್ತೆ, ವಾಪಸ್ ಬರಲ್ಲ. ಸ್ಯಾಂಪಲ್ ರಿಸಲ್ಟ್ ಇಲಾಖೆಗೆ ಹೋಗುತ್ತೆ. ನಮಗೆ ಗೊತ್ತಾಗೋದು ಯಾರಾದರೂ ಫೋನ್ ಮಾಡಿದರೆ ಮಾತ್ರ. ಮಣಿಪಾಲಕ್ಕೆ ಕಳಿಸಿದವರು ಏನಾದರು, ಮನೆಗೆ ಬಂದರಾ, ಎರಡನೇ ಜ್ವರ ಬಂತಾ, ಏನೂ ಗೊತ್ತಾಗಲ್ಲ. ರಾತ್ರಿಯೆಲ್ಲ ನೋಡಿಕೊಂಡ ನರ್ಸ್ ಹುಡುಗಿ ವಾರದ ಮೇಲೆ ನನ್ನ ಹತ್ರ ಬಂದು, "ಮೇಡಂ, ಆ ಗುಡ್ಡೆಕೊಪ್ಪದ ಅಜ್ಜ ಏನಾದ್ರು?" ಅಂತ ಕೇಳ್ತಾಳೆ. ನಾನು ಆಶಾ ಅಕ್ಕನಿಗೆ ಫೋನ್ ಹಚ್ಚಿ ಹೇಳ್ತೀನಿ. ಈ ಸಲ ಹೊಸ ಇನ್‌ಸ್ಪೆಕ್ಟರ್ ಜೊತೆ ಮಾತಾಡಿದ್ದೀವಿ. ಡಿಸೆಂಬರಿನಿಂದ ಸೋಮವಾರ ಅವರು ಪಟ್ಟಿ ತಗೊಂಡು ಹೋಗೋಕೆ ಬಂದಾಗ, ಹಿಂದಿನ ವಾರದ ಪಟ್ಟಿಯಲ್ಲಿದ್ದವರು ಹೇಗಿದ್ದಾರೆ ಅಂತ ಅದೇ ಹಾಳೆಯ ಬಲಗಡೆ ಬರೆದು ತರಬೇಕು. ಒಪ್ಪಿಕೊಂಡಿದ್ದಾರೆ. ಬಲಗಡೆ ಜಾಗ ಸಾಲಲ್ಲ, ಹಾಳೆಯನ್ನು ಅಡ್ಡ ಪ್ರಿಂಟ್ ಮಾಡಿ ಅಂತ ಒಂದೇ ಕಂಡೀಷನ್ ಹಾಕಿದರು.